ಆಯಿ ಬೆಂಗಳೂರಿಗೆ ಹೊರಟಾಗ

ಕಾಯಿಲೆ ಮುಚ್ಚಿಡುವುದರಲ್ಲಿ ನಮ್ಮ ಕಡೆಯವರದು ಪಳಗಿದ ಕೈ. ಎಪ್ಪತ್ತು ದಾಟಿದ ಅಪ್ಪನಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಮಕ್ಕಳೆಲ್ಲ ಸೇರಿ ‘ಸಣ್ಣ ಗಡ್ಡೆ’ ಎಂದು ಹೆಸರಿಡುತ್ತಾರೆ, ಫೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ, ನೋಡಲು ಬಂದವರಿಗೆ ಅಂಗಳದಲ್ಲೇ ಪಾಠ ಹೇಳಿಕೊಟ್ಟು ಒಳಗೆ ಬಿಡುತ್ತಾರೆ. ಅಪ್ಪನಿಗೂ ಎಲ್ಲ ಗೊತ್ತಿರುತ್ತದೆ ಎನ್ನುವುದು ಬೇರೆ ಮಾತು.

ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ತೋಟದ ಮನೆಗಳಲ್ಲಿ ಉಳಿದಿರುವವರು ಗಂಡ ಹೆಂಡತಿ ಇಬ್ಬರೇ, ಇಬ್ಬರೂ ಅರವತ್ತು ದಾಟಿದವರು. ಮಕ್ಕಳು ಬೆಂಗಳೂರಿನಲ್ಲಿ. ಹೀಗಾಗಿ ಮುಚ್ಚಿಡುವ ದಿಕ್ಕೂ ತಿರುಗಿದೆ. ಕಾಯಿಲೆ ಬಿದ್ದವನು ಮೂವತ್ತೈದರ ಮಗ, ಬಯಾಪ್ಸಿ ವರದಿ ಮೊದಲು ಬಂದದ್ದು ಅವನ ಮೊಬೈಲಿಗೆ, ಮುಚ್ಚಿಡುವವನೂ ಅವನೇ. ಭಾನುವಾರದ ಫೋನಿನಲ್ಲಿ, “ಎಂತದೂ ಇಲ್ಲೆ ಆಯಿ, ಕಾಲಲ್ಲಿ ಒಂದು ಮಚ್ಚೆ ಇತ್ತು, ತೆಗೆಸಿದ್ದಿ” ಎನ್ನುತ್ತಾನೆ. ತೊಡೆಸಂದಿನ ಗ್ರಂಥಿಗೆ, ಶ್ವಾಸಕೋಶಕ್ಕೆ ಅದು ಹರಡಿದೆ ಎನ್ನುವುದು ಮನೆಗೆ ತಲುಪುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಆಗ ಆಯಿಗೆ ಕಾಯಿಲೆಯ ಸುದ್ದಿಯಷ್ಟೇ ನೋಯಿಸುವುದು ಇನ್ನೊಂದು: ತನಗೆ ಯಾಕೆ ಹೇಳಲಿಲ್ಲ?

ಹೇಳದೇ ಇರುವುದಕ್ಕೆ ಅವನಿಗೆ ಕಾರಣವಿತ್ತು. ಹೇಳಿದರೆ ತನ್ನ ಭಯದ ಜೊತೆಗೆ ಅಪ್ಪ ಆಯಿಯ ಭಯವನ್ನೂ ಅವನೇ ಹೊರಬೇಕು. ಫೋನಿನಲ್ಲಿ ಅಳುವ ತಾಯಿಯನ್ನು ಸಮಾಧಾನ ಮಾಡುವುದು ರೋಗಿಯ ಕೆಲಸವಾಗಿಬಿಡುತ್ತದೆ. ಬೆಳೆದ ಮಕ್ಕಳ ಕಾಯಿಲೆಯಲ್ಲಿ ತಂದೆ ತಾಯಿಯಾಗಿ ಆಸರೆಯಾಗುವುದು ಎಂದರೇನು ಎಂದು ಯೋಚಿಸುವಾಗ ನನಗೆ ಮೊದಲು ತೋಚುವುದು ಇದೇ. ಅಳುವುದಕ್ಕೆ ಬೇರೆ ಜಾಗ ಹುಡುಕಿಕೊಳ್ಳಬೇಕು: ತಂಗಿಯೋ, ಪಕ್ಕದ ಮನೆಯವಳೋ, ದೇವರ ಕೋಣೆಯೋ. ಮಗನ ಎದುರು ಅಳಬಾರದೆಂದಲ್ಲ, ಅಳುವನ್ನೆಲ್ಲ ಅವನ ಮೇಲೇ ಸುರಿಯಬಾರದು.

ಮಗನ ಕಾಲಿನ ಆ ಮಚ್ಚೆ ಮೆಲನೋಮಾ; ಆ ಹೆಸರೂ ನಮ್ಮಲ್ಲಿ ಹೆಚ್ಚು ಜನ ಕೇಳಿದ್ದಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಬಿಳಿ ಚರ್ಮದವರೂ ಬಿಸಿಲೂ ಹೆಚ್ಚಿರುವ ಆಸ್ಟ್ರೇಲಿಯಾದಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿರುವ ರೋಗ; ಭಾರತದಲ್ಲಿ ವರ್ಷಕ್ಕೆ ಲಕ್ಷದಲ್ಲಿ ಒಬ್ಬರಿಗೂ ಬರುವುದಿಲ್ಲ. ಬಂದರೆ ಅನೇಕ ಸಲ ಬಿಸಿಲೇ ಕಾಣದ ಜಾಗದಲ್ಲಿ ಬರುತ್ತದೆ: ಅಂಗಾಲು, ಅಂಗೈ, ಉಗುರಿನಡಿ, ಬಾಯಿ ಮೂಗಿನ ಒಳಪದರ. ತೋಟದಲ್ಲಿ ಬರಿಗಾಲಲ್ಲಿ ಬೆಳೆದವನಿಗೆ ಅಂಗಾಲಿನ ಕಪ್ಪು ಕಲೆ ಎಂದರೆ ಆಣಿ, ಇಲ್ಲವೇ ಒಳಗೇ ಮುರಿದ ಮುಳ್ಳು, ಇಲ್ಲವೇ ಎಡವಿದಾಗ ಹೆಪ್ಪುಗಟ್ಟಿದ ರಕ್ತ. ಹೀಗೆಂದುಕೊಂಡೇ ವರ್ಷ ಉರುಳುತ್ತದೆ. ಆಕಾರ ಬದಲಾಗುತ್ತಿರುವ, ದೊಡ್ಡದಾಗುತ್ತಿರುವ, ರಕ್ತ ಒಸರುವ ಕಲೆ, ಉಗುರಿನ ಉದ್ದಕ್ಕೂ ಅಗಲವಾಗುತ್ತಿರುವ ಕಪ್ಪು ಗೆರೆ, ಇವನ್ನು ಚರ್ಮವೈದ್ಯರಿಗೆ ತೋರಿಸಬೇಕು. ಅದಕ್ಕೆ ಬೆಂಗಳೂರೇನೂ ಬೇಡ, ಶಿರಸಿ ಪೇಟೆ ಸಾಕು.

ಜಮೈಕಾದ ಹಾಡುಗಾರ ಬಾಬ್ ಮಾರ್ಲಿಯದೂ ಇದೇ ಕಥೆ. 1977ರಲ್ಲಿ ಅವನ ಕಾಲಿನ ಹೆಬ್ಬೆರಳಿನ ಉಗುರಿನಡಿ ಮೆಲನೋಮಾ ಕಂಡಿತು. ಫುಟ್‌ಬಾಲ್ ಆಟದಲ್ಲಿ ಆದ ಗಾಯ ಎಂದುಕೊಂಡಿದ್ದರು. ಬೆರಳು ತೆಗೆಯುವುದಕ್ಕೆ ಅವನು ಒಪ್ಪಲಿಲ್ಲ. 1980ರಲ್ಲಿ ನ್ಯೂಯಾರ್ಕಿನ ಉದ್ಯಾನದಲ್ಲಿ ಓಡುತ್ತಿದ್ದವನು ಕುಸಿದುಬಿದ್ದಾಗ ರೋಗ ಮೆದುಳಿಗೆ ಹರಡಿತ್ತು. ಜರ್ಮನಿಯ ಬವೇರಿಯಾದಲ್ಲಿ ಜೋಸೆಫ್ ಇಸ್ಸೆಲ್ಸ್ ಎಂಬ ವೈದ್ಯ ನಡೆಸುತ್ತಿದ್ದ ಬದಲಿ ಚಿಕಿತ್ಸಾಲಯದಲ್ಲಿ ತಿಂಗಳುಗಟ್ಟಲೆ ಇದ್ದ. ತಾಯಿ ಸೆಡೆಲ್ಲಾ ಬೂಕರ್ ಅಲ್ಲಿಗೆ ಹೋಗಿ ಅವನ ಜೊತೆಗಿದ್ದಳು. ಊರಿಗೆ ಮರಳುವ ದಾರಿಯಲ್ಲಿ ಸ್ಥಿತಿ ಬಿಗಡಾಯಿಸಿ 1981ರ ಮೇ 11ರಂದು ಮಯಾಮಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವನಿಗೆ ಬರೀ 36. ಜಗತ್ತಿಗೆಲ್ಲ ಗೊತ್ತಿದ್ದ ಆ ಮಗನ ಪಕ್ಕ ಕುಳಿತ ತಾಯಿಗೂ ಆಗ ಮಾಡಲು ಹೆಚ್ಚೇನೂ ಇರಲಿಲ್ಲ, ಏಕೆಂದರೆ ವೈದ್ಯರ ಕೈಯಲ್ಲೇ ಏನೂ ಇರಲಿಲ್ಲ.

ಇಂದು ಇದೆ. ನಮ್ಮ ದೇಹದ ರಕ್ಷಣಾ ಕೋಶಗಳಿಗೆ ಹತೋಟಿ ತಪ್ಪದಂತೆ ತಡೆಯುವ ಬ್ರೇಕ್‌ಗಳಿವೆ. ಕ್ಯಾನ್ಸರ್ ಆ ಬ್ರೇಕನ್ನೇ ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತದೆ. ಅದನ್ನು ಸಡಿಲಿಸುವ ದಾರಿ ತೋರಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ 2018ರ ನೊಬೆಲ್ ಹಂಚಿಕೊಂಡರು. ಆಲಿಸನ್ ಹುಡುಗನಾಗಿದ್ದಾಗಲೇ ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡವರು. ಇಪಿಲಿಮುಮ್ಯಾಬ್ 2011ರಲ್ಲಿ, ಪೆಂಬ್ರೊಲಿಝುಮ್ಯಾಬ್ ಮತ್ತು ನಿವೊಲುಮ್ಯಾಬ್ 2014ರಲ್ಲಿ ಅಮೆರಿಕದಲ್ಲಿ ಮೆಲನೋಮಾಕ್ಕೆ ಒಪ್ಪಿಗೆ ಪಡೆದವು. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಮೆಲನೋಮಾ ಯಕೃತ್ತು, ಮೆದುಳಿಗೆ ಹರಡಿತ್ತು; ಶಸ್ತ್ರಚಿಕಿತ್ಸೆ, ವಿಕಿರಣ, ಪೆಂಬ್ರೊಲಿಝುಮ್ಯಾಬ್ ಪಡೆದು 2024ರ ಡಿಸೆಂಬರ್ ತನಕ, ನೂರು ವರ್ಷ ತುಂಬಿಸಿ ಬದುಕಿದರು. ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಒಟ್ಟಿಗೆ ಪಡೆದ ಮುಂದುವರಿದ ಹಂತದ ರೋಗಿಗಳಲ್ಲಿ ನೂರಕ್ಕೆ 43 ಮಂದಿ ಹತ್ತು ವರ್ಷದ ನಂತರವೂ ಜೀವಂತವಿದ್ದರು ಎಂಬ ಲೆಕ್ಕ 2024ರಲ್ಲಿ ಹೊರಬಂತು. ಆ ಪ್ರಯೋಗದಲ್ಲಿದ್ದವರು ಬಹುಪಾಲು ಬಿಳಿಯರು, ಮೈಚರ್ಮದ ಮೆಲನೋಮಾದವರು. ಅಂಗಾಲಿನ ಮೆಲನೋಮಾ ಈ ಔಷಧಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಆದರೂ ಮಾರ್ಲಿಯ ಕಾಲಕ್ಕೂ ಇಂದಿಗೂ ಹೋಲಿಕೆಯೇ ಇಲ್ಲ.

ಮಗ ಇದನ್ನೆಲ್ಲ ರಾತ್ರಿ ಕೂತು ಓದಿರುತ್ತಾನೆ. ಊರಿನಲ್ಲಿರುವವರಿಗೆ ಗೊತ್ತಿರುವುದು ಕೇರಿಯಲ್ಲಿ ಕಂಡ ಸಾವುಗಳು ಮಾತ್ರ. ನೋಡಲು ಬಂದ ನೆಂಟರು ತಲೆ ನೋಡಿ, “ಕೂದಲು ಉದುರಿಲ್ಲ, ಹಾಗಾದರೆ ಅಷ್ಟೇನೂ ಇಲ್ಲ” ಎನ್ನುತ್ತಾರೆ. ಮಗನಿಗೆ ಕೊಡುತ್ತಿರುವ ಈ ಔಷಧಿ ಕಿಮೊ ಅಲ್ಲ, ಇದರಲ್ಲಿ ಸಾಮಾನ್ಯವಾಗಿ ಕೂದಲು ಉದುರುವುದಿಲ್ಲ. ಅಷ್ಟನ್ನು ನೆಂಟರಿಗೆ ಅರ್ಥ ಮಾಡಿಸುವ ಕೆಲಸವನ್ನಾದರೂ ಅಪ್ಪ ವಹಿಸಿಕೊಳ್ಳಬಹುದು. ಸುಸ್ತಾದವನು ಪ್ರತಿ ಫೋನಿಗೂ ಮೊದಲಿನಿಂದ ಹೇಳುತ್ತ ಕೂರಬೇಕಾಗಿಲ್ಲ.

“ಆನು ಬತ್ತಿ ತಮಾ” ಎಂದು ಆಯಿ ಹೊರಡುತ್ತಾಳೆ. ಚೀಲದಲ್ಲಿ ಅಪ್ಪೆಮಿಡಿ, ಕಷಾಯದ ಪುಡಿ, ಜೋನಿಬೆಲ್ಲ, ಬೇರು ಸಮೇತ ಕಿತ್ತ ಒಂದೆಲಗ. ಎರಡು ಕೋಣೆಯ ಆ ಫ್ಲ್ಯಾಟಿನಲ್ಲಿ ಅಡುಗೆಮನೆ ಸೊಸೆಯದು, ಔಷಧಿಯ ವೇಳಾಪಟ್ಟಿ ಸೊಸೆಯದು, ಆಸ್ಪತ್ರೆಯ ಕಾಗದಕ್ಕೆ ಸಹಿ ಸೊಸೆಯದು. ಹೆತ್ತವಳು ಅಲ್ಲಿ ಎರಡನೆಯವಳು. ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಮಗ ಹತ್ತು ವರ್ಷದವನಾಗಿದ್ದಾಗ ಜ್ವರ ಬಂದರೆ ಯಾರನ್ನೂ ಕೇಳದೆ ಹಣೆಗೆ ಒದ್ದೆ ಬಟ್ಟೆ ಹಾಕಿದವಳು, ಈಗ “ಹಾಕಲಾ?” ಎಂದು ಕೇಳಬೇಕು. ಆದರೆ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುವುದು, ಸೊಸೆಗೆ ಒಂದು ಮಧ್ಯಾಹ್ನದ ನಿದ್ದೆ ಕೊಡುವುದು, ಇವು ಸಣ್ಣ ಕೆಲಸಗಳಲ್ಲ. ಕಾಯಿಲೆ ಬಿದ್ದವಳು ಮಗಳಾದರೆ ಸಿಕ್ಕು ಇನ್ನೂ ಹೆಚ್ಚು. ಬೀಗರ ಮನೆಯಲ್ಲಿ ಎಷ್ಟು ದಿನ ಉಳಿಯುವುದು, ಯಾವ ಹಕ್ಕಿನಲ್ಲಿ ಮಾತಾಡುವುದು ಎಂಬ ಲೆಕ್ಕಾಚಾರದಲ್ಲೇ ತಾಯಿ ವಾಪಸು ಬಂದುಬಿಡುತ್ತಾಳೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬ್ರೇಕ್ ಸಡಿಲಿಸಿದ ರಕ್ಷಣಾ ಕೋಶಗಳು ಕೆಲವೊಮ್ಮೆ ಸ್ವಂತ ದೇಹದ ಮೇಲೆಯೇ ತಿರುಗಿಬೀಳುತ್ತವೆ. ಕರುಳು, ಯಕೃತ್ತು, ಶ್ವಾಸಕೋಶ, ಥೈರಾಯ್ಡ್, ಎಲ್ಲಿ ಬೇಕಾದರೂ. ಡ್ರಿಪ್ ಏರಿಸಿ ತಿಂಗಳುಗಳಾದ ಮೇಲೂ ಹೀಗಾಗಬಹುದು. ಮಗನಿಗೆ ಭೇದಿ ಶುರುವಾದರೆ ನಮ್ಮ ಆಯಂದಿರಿಗೆ ತಕ್ಷಣ ನೆನಪಾಗುವುದು ಕೊಡಸಿಗೆ ಹೂವಿನ ತಂಬುಳಿ. ಬೇರೆ ಹೊತ್ತಿನಲ್ಲಿ ಅದು ಒಳ್ಳೆಯದೇ. ಈ ಚಿಕಿತ್ಸೆಯಲ್ಲಿರುವವನಿಗೆ ಮಾತ್ರ ಭೇದಿ ಎಂದರೆ ಅಂದೇ ಆಸ್ಪತ್ರೆಗೆ ಫೋನು. ಕರುಳಿನ ಉರಿಯೂತವಾಗಿದ್ದರೆ ಸ್ಟೀರಾಯ್ಡ್ ಬೇಕಾಗುತ್ತದೆ, ತಡವಾದರೆ ಜೀವಕ್ಕೇ ಅಪಾಯ. ಗಡ್ಡೆಯಲ್ಲಿ ಬಿ-ರ‍್ಯಾಫ್ ಎಂಬ ವಂಶವಾಹಿಯ ಬದಲಾವಣೆ ಇದ್ದವರಿಗೆ ಡಬ್ರಾಫೆನಿಬ್, ಟ್ರಾಮೆಟಿನಿಬ್ ಮಾತ್ರೆಗಳನ್ನು ಕೊಡುತ್ತಾರೆ. ಅವುಗಳಿಂದ ಬರುವ ತೊಂದರೆಗಳಲ್ಲಿ ಜ್ವರವೇ ಮುಖ್ಯ. ವಿಶ್ರಾಂತಿಗೆಂದು ಮಗ ಬೇಸಿಗೆಯಲ್ಲಿ ಸಿದ್ದಾಪುರದ ಮನೆಗೆ ಬಂದಾಗ ಮೈ ಸುಟ್ಟರೆ ಅದು ಮಾತ್ರೆಯ ಜ್ವರವೋ, ಸೋಂಕೋ, ಉಣ್ಣೆಯಿಂದ ಬಂದ ಮಂಗನ ಕಾಯಿಲೆಯೋ? ಮನೆಯಲ್ಲಿ ಕೂತು ತೀರ್ಮಾನಿಸುವ ವಿಷಯ ಇದಲ್ಲ. ಮಾತ್ರೆಯ ಹೆಸರು ಬರೆದ ಚೀಟಿ ಅಪ್ಪನ ಜೇಬಿನಲ್ಲೂ ಇರಲಿ, ಅದನ್ನು ನೋಡಿದ ಮೇಲೆಯೇ ಊರಿನ ಡಾಕ್ಟರು ಔಷಧಿ ಬರೆಯಲಿ.

ಇಂಥ ಮನೆಗಳಲ್ಲಿ ನರಸೀಪುರದ ಮಾತು ಬಂದೇ ಬರುತ್ತದೆ. ಸಾಗರ ತಾಲೂಕಿನ ಆನಂದಪುರದ ಹತ್ತಿರದ ಆ ಊರಿನ ವೈದ್ಯ ನಾರಾಯಣಮೂರ್ತಿ 2020ರಲ್ಲಿ ತೀರಿಕೊಂಡರು. ಅವರು ಕೊಡುತ್ತಿದ್ದ ಚಕ್ಕೆ ಔಷಧಿಗಾಗಿ ಕ್ಯಾನ್ಸರ್ ರೋಗಿಗಳ ಮನೆಯವರು ದೇಶದ ಮೂಲೆಮೂಲೆಯಿಂದ ಬಂದು ಇಡೀ ರಾತ್ರಿ ಸರದಿಯಲ್ಲಿ ನಿಲ್ಲುತ್ತಿದ್ದರು. ಅಲ್ಲಿ ನಿಂತವರನ್ನು ನಾನು ಹಗುರವಾಗಿ ಕಾಣಲಾರೆ. ಸರದಿಯಲ್ಲಿ ನಿಲ್ಲುವುದು ಅಪ್ಪನೊಬ್ಬ ತನ್ನ ಕಾಲಿನಿಂದ ಮಾಡಬಲ್ಲ ಕೆಲಸ, ಆಸ್ಪತ್ರೆಯಲ್ಲಿ ಅಂಥದ್ದೇನೂ ಅವನಿಗೆ ಸಿಗುವುದಿಲ್ಲ. ಆದರೆ ಮುಂದುವರಿದ ಮೆಲನೋಮಾವನ್ನು ಚಕ್ಕೆಯ ಕಷಾಯ ತಡೆಯುತ್ತದೆ ಎನ್ನುವುದಕ್ಕೆ ಪುರಾವೆಯಿಲ್ಲ. ಯಕೃತ್ತಿನ ಮೇಲೆ ಮೊದಲೇ ಒತ್ತಡವಿರುವಾಗ ಯಾವ ಕಷಾಯ ಏನು ಮಾಡೀತು ಎಂದು ಊಹಿಸುವುದೂ ಕಷ್ಟ. ಕೊಡುವುದಾದರೆ ಕದ್ದು ಕೊಡಬಾರದು. ಮಗನಿಗೂ ಅವನ ವೈದ್ಯರಿಗೂ ಹೇಳಿ, ಬೇಡವೆಂದರೆ ಬಿಡಬೇಕು.

ದುಡ್ಡಿನ ವಿಷಯಕ್ಕೆ ಬಂದರೆ ಲೆಕ್ಕವೇ ತಪ್ಪುತ್ತದೆ. ಈ ಡ್ರಿಪ್‌ಗಳು ಎರಡು ಮೂರು ವಾರಕ್ಕೊಮ್ಮೆ, ಹೆಚ್ಚು ಪ್ರಮಾಣದಲ್ಲಾದರೆ ನಾಲ್ಕು ಆರು ವಾರಕ್ಕೊಮ್ಮೆ. ವರ್ಷದ ಖರ್ಚು ಹಲವು ಲಕ್ಷ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ನೆರವಿದೆ. ಕಂಪನಿಯ ವಿಮೆ ನೌಕರಿ ಇರುವ ತನಕ. ಆಮೇಲೆ ಅಪ್ಪನ ಬಾಯಿಂದ ಬರುವ ಮಾತು ಒಂದೇ: “ತೋಟ ಕೊಟ್ಟುಬಿಡೋಣ.” ಅಪ್ಪನಿಗೆ ಇದು ಪ್ರೀತಿ. ಮಗನಿಗೆ ಮಾತ್ರ ಇದು ಭಾರವೂ ಹೌದು. ಔಷಧಿ ಕೆಲಸ ಮಾಡದಿದ್ದರೆ ಅಪ್ಪ ಆಯಿ ನೆಲವೂ ಇಲ್ಲದೆ ಉಳಿಯುತ್ತಾರೆ ಎಂಬ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರುತ್ತದೆ. ಕೊಡುತ್ತೇನೆ ಎನ್ನುವುದು ತಪ್ಪಲ್ಲ. ಅವನು ಬೇಡ ಎಂದಾಗ ಆ ಬೇಡವನ್ನು ಕೇಳಿಸಿಕೊಳ್ಳಬೇಕು. ಎಲ್ಲಿಯವರೆಗೆ ಚಿಕಿತ್ಸೆ ಎನ್ನುವುದು ಅವನೂ ಹೆಂಡತಿಯೂ ಕೂತು ತೀರ್ಮಾನಿಸುವ ವಿಷಯ. ತೋಟವೇ ಇಲ್ಲದ ಮನೆಗಳಲ್ಲಿ, ಮಗನ ಕೂಲಿಯೇ ಮನೆಯ ಅನ್ನವಾಗಿರುವ ಯಲ್ಲಾಪುರದ ಕಾಡಂಚಿನಲ್ಲಿ, ಈ ತೊಳಲಾಟಕ್ಕೂ ಎಡೆಯಿಲ್ಲ. ಅಲ್ಲಿ ಕಾರ್ಡು ಕೊಟ್ಟಷ್ಟೇ ಚಿಕಿತ್ಸೆ.

ದೂರ ಇನ್ನೊಂದು ರೋಗ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕುಗಳಲ್ಲಿ ಒಂದು ರೈಲು ನಿಲ್ದಾಣವೂ ಇಲ್ಲ. ಸಿದ್ದಾಪುರದವರು ರೈಲು ಹಿಡಿಯಲು ತಾಳಗುಪ್ಪಕ್ಕೆ ಹೋಗಬೇಕು. ಕ್ಯಾನ್ಸರಿಗೆಂದರೆ ಹುಬ್ಬಳ್ಳಿಯ ನವನಗರ, ಮಣಿಪಾಲ, ಇಲ್ಲವೇ ಬೆಂಗಳೂರಿನ ಕಿದ್ವಾಯಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಜೋರಾಗಿತ್ತು. ಘಟ್ಟದ ಮೇಲಿನ ಎಷ್ಟೋ ಜನರಿಗೆ ಜಿಲ್ಲಾ ಕೇಂದ್ರ ಕಾರವಾರವೇ ಹುಬ್ಬಳ್ಳಿಗಿಂತ ದೂರದ ಊರು ಎನ್ನುವುದನ್ನು ಯೋಜನೆ ಬರೆಯುವವರು ನೆನಪಿಡುವುದು ಕಡಿಮೆ.

ಆದ್ದರಿಂದಲೇ ಎಷ್ಟೋ ಮನೆಗಳಲ್ಲಿ ಆಯಿ ಹೋಗುತ್ತಾಳೆ, ಅಪ್ಪ ಉಳಿಯುತ್ತಾನೆ. ಕೊಟ್ಟಿಗೆಯಲ್ಲಿ ಹಸು, ತೋಟದಲ್ಲಿ ಮಂಗ. ಮಳೆ ಹಿಡಿಯುವ ಮೊದಲು ಕೊಳೆಗೆ ಮದ್ದು ಹೊಡೆಸಬೇಕು, ಕೊನೆಕೊಯ್ಲಿಗೆ ಆಳು ಹುಡುಕಬೇಕು. “ಮಗ ಹಾಗಿರುವಾಗ ಇವನಿಗೆ ಅಡಿಕೆ ಚಿಂತೆ” ಎಂದು ಆಡಿಕೊಳ್ಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅಪ್ಪ ಕಾದಿಟ್ಟ ಬೆಳೆಯೇ ಸೊಸೈಟಿಯ ಖಾತೆಯ ಮೂಲಕ ಬೆಂಗಳೂರಿನ ಬಿಲ್ಲಿಗೆ ಹೋಗುತ್ತದೆ. ಅದೂ ಅಲ್ಲದೆ, ಮಗನಿಗೆ ದಿನವೂ ಕಾಯಿಲೆಯ ಮಾತೇ ಆಗಬೇಕೆಂದಿಲ್ಲ. ಎಲೆಚುಕ್ಕಿ ಎಷ್ಟು ಹಬ್ಬಿದೆ, ಚಾಲಿಗೆ ಎಷ್ಟು ದರ ಎಂದು ಅಪ್ಪ ಹೇಳುವಾಗ ಅವನು ಐದು ನಿಮಿಷ ಬರೀ ಮಗನಾಗಿರುತ್ತಾನೆ.

ಸ್ಕ್ಯಾನ್ ವರದಿಯ ದಿನ ಮಾತ್ರ ಅಪ್ಪನೂ ಬಸ್ಸು ಹತ್ತುತ್ತಾನೆ. ಡಾಕ್ಟರ ಕೋಣೆಯಲ್ಲಿ ನಾಲ್ವರಿಗೆ ಕುರ್ಚಿ ಸಾಲುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಒಂದು ಅಭ್ಯಾಸವಿದೆ: ಕೆಟ್ಟ ಸುದ್ದಿ ಇದ್ದರೆ ರೋಗಿಯನ್ನು ಹೊರಗೆ ಕೂರಿಸಿ, ಮನೆಯ ಹಿರಿಯರು ಯಾರೆಂದು ಕಣ್ಣಲ್ಲೇ ಹುಡುಕಿ, ಅವರನ್ನು ಒಳಗೆ ಕರೆಯುವುದು. ಹೀಗೆ ಕರೆದಾಗ ಪಂಚೆಯ ಅಪ್ಪ ಎದ್ದು ಹೋಗದೆ, “ಅವನೂ ಬರಲಿ, ಅವನಿಗೇ ಹೇಳಿ” ಎಂದರೆ ಸಾಕು. ಮುಂದಿನ ಔಷಧಿ ಯಾವುದು, ಬೇಕೋ ಬೇಡವೋ ಎಂದು ಅವನು ಪ್ರಶ್ನೆ ಕೇಳಲಿ. ಅಪ್ಪ ಪಕ್ಕದಲ್ಲಿ ಕೂತು, ಮಗನಿಗೆ ಆ ಗಡಿಬಿಡಿಯಲ್ಲಿ ಮರೆತುಹೋಗಬಹುದಾದ ಉತ್ತರಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳಲಿ.