ಸದಸ್ಯತ್ವವೂ ವೈಯಾವೃತ್ಯವೂ

ವ್ಯಾಪಾರವನ್ನು ಮಕ್ಕಳ ಕೈಗೊಪ್ಪಿಸಿ ಕೊಂಚ ಬಿಡುವು ಪಡೆದ ಶ್ರಾವಕನು ಬಸದಿಯ ಆಶ್ರಯದಲ್ಲಿ ನಡೆಯುವ ಪುರುಷರ ಸೇವಾಸಂಘವೊಂದನ್ನು ಸೇರಲೇ ಎಂದು ಯೋಚಿಸುವುದು ಸಹಜ. ಅಂಥ ಸಂಘದಲ್ಲಿ ಸೇವೆಯ ಜೊತೆಗೆ ಸ್ನೇಹಕೂಟ, ಉಪಾಹಾರ, ಯಾತ್ರೆಗಳೂ ಉಂಟು. ಆಗ ಒಂದು ಧರ್ಮಪ್ರಶ್ನೆ ಏಳುತ್ತದೆ. ಒಡನಾಟದ ಸುಖಕ್ಕಾಗಿ ಸೇರಿದವನ ಸೇವೆ ಶುದ್ಧವಾದೀತೇ? ಅದನ್ನು ಮನೆಯಲ್ಲಿದ್ದುಕೊಂಡೇ, ಒಬ್ಬನೇ, ಮೌನವಾಗಿ ಮಾಡಬಾರದೇಕೆ?

ಈ ಪ್ರಶ್ನೆ ಜೈನರಿಗೆ ಮಾತ್ರ ಸೇರಿದ್ದಲ್ಲ. ಜೈನರಂತೆಯೇ ಅಲ್ಪಸಂಖ್ಯಾತರಾಗಿದ್ದು ವಾಣಿಜ್ಯದಲ್ಲೂ ವಿದ್ಯೆಯಲ್ಲೂ ಹೆಸರು ಪಡೆದ ಯೆಹೂದಿಗಳೂ ಇದನ್ನು ಎದುರಿಸಿದ್ದಾರೆ. ಅಮೆರಿಕದ ಯೆಹೂದಿ ಪ್ರಾರ್ಥನಾಮಂದಿರಗಳಲ್ಲಿ ಪುರುಷರ ಸಂಘಗಳು ಬಹುಕಾಲದಿಂದ ಇವೆ. ಸುಧಾರಣಾಪಂಥದ ಸಂಘಗಳು 1923ರಲ್ಲಿಯೂ ಕನ್ಸರ್ವೇಟಿವ್ ಪಂಥದ ಸಂಘಗಳು 1929ರಲ್ಲಿಯೂ ತಮ್ಮ ತಮ್ಮ ಒಕ್ಕೂಟಗಳನ್ನು ರಚಿಸಿಕೊಂಡವು. ಒಟ್ಟಿಗೆ ಕುಳಿತು ಉಪಾಹಾರ ಸೇವಿಸುವುದು, ಉಪನ್ಯಾಸ ಕೇಳುವುದು, ಮಂದಿರದ ಕೆಲಸಗಳಿಗೆ ಕೈಜೋಡಿಸುವುದು, ಬಡವರಿಗೆ ನೆರವಾಗುವುದು ಇವುಗಳ ಚಟುವಟಿಕೆ. ಮೇಲ್ನೋಟಕ್ಕೆ ಇದು ಯಾವುದೇ ಊರಿನ ಕ್ಲಬ್ಬಿನಂತೆ ಕಾಣುತ್ತದೆ. ಆದರೆ ಇದರ ಹಿಂದೆ ಎರಡು ಪ್ರಾಚೀನ ನಿಯಮಗಳು ನಿಂತಿವೆ.

ಮೊದಲನೆಯದು ಹತ್ತು ಜನರ ನಿಯಮ. ಸಾಂಪ್ರದಾಯಿಕ ಪದ್ಧತಿಯಲ್ಲಿ ಹದಿಮೂರು ವರ್ಷ ತುಂಬಿದ ಹತ್ತು ಮಂದಿ ಪುರುಷರು ಸೇರದ ಹೊರತು ಸಾಮೂಹಿಕ ಪ್ರಾರ್ಥನೆ ಪೂರ್ಣವಾಗದು. ತಂದೆಯನ್ನು ಕಳೆದುಕೊಂಡ ಮಗನು ಹನ್ನೊಂದು ತಿಂಗಳು ಹೇಳುವ ಕದ್ದಿಷ್ ಎಂಬ ಪ್ರಾರ್ಥನೆಗೂ ಈ ಹತ್ತು ಜನ ಬೇಕು. ಒಂಬತ್ತು ಜನ ಸೇರಿ ಹತ್ತನೆಯವನು ಬಾರದಿದ್ದರೆ ಆ ದುಃಖಿಯ ಬಾಯಿ ಕಟ್ಟಿದಂತೆಯೇ ಸರಿ. ಹತ್ತನೆಯವನು ತನ್ನ ಬದಲಿಗೆ ಹಣ ಕಳುಹಿಸಲಾರನು.

ಎರಡನೆಯದು ಶವಸಂಸ್ಕಾರದ ಬಳಗ. ಮೃತದೇಹವನ್ನು ತೊಳೆದು, ವಸ್ತ್ರ ತೊಡಿಸಿ, ಗೌರವದಿಂದ ಕಳುಹಿಸಿಕೊಡುವ ಈ ಬಳಗದ ಕಾರ್ಯವನ್ನು ಯೆಹೂದಿಗಳು ಅತ್ಯಂತ ನಿಜವಾದ ದಯೆ ಎಂದು ಕರೆಯುತ್ತಾರೆ. ಸತ್ತವನು ಪ್ರತ್ಯುಪಕಾರ ಮಾಡಲಾರನಲ್ಲವೇ!

ಈ ನಿಯಮದ ಬೆಲೆ ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ನಿರ್ಮಿಸಿದ ಪರದೇಸಿ ಸಿನಗಾಗ್ ಇದೆ. ನೆಲಕ್ಕೆ ಹಾಸಿದ ಚೀನಾದ ನೀಲಿ ಪಿಂಗಾಣಿ ಬಿಲ್ಲೆಗಳು ಇಂದಿಗೂ ಹೊಳೆಯುತ್ತವೆ. ಆದರೆ 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಬಳಿಕ ಅಲ್ಲಿನ ಯೆಹೂದಿಗಳಲ್ಲಿ ಬಹುಪಾಲು ಜನ ಅಲ್ಲಿಗೆ ವಲಸೆ ಹೋದರು. ಮಂದಿರ ಉಳಿಯಿತು, ಹತ್ತು ಜನ ಉಳಿಯಲಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಜೈನ ಕುಟುಂಬಗಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಯಳಂದೂರು ಒಂದು ಕಾಲಕ್ಕೆ ಚಿಕ್ಕದೇವರಾಜ ಒಡೆಯರ ಮಂತ್ರಿಯಾಗಿದ್ದ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರ ಊರು. ಮನೆಗಳು ಕಡಿಮೆಯಿದ್ದು, ಮಕ್ಕಳು ಮೈಸೂರು, ಬೆಂಗಳೂರುಗಳಿಗೆ ಹೋಗಿ ನೆಲೆಸಿದರೆ, ಚಟ್ಟಕ್ಕೆ ನಾಲ್ಕು ಹೆಗಲು ಸೇರಿಸುವುದೂ ಕಷ್ಟವಾಗುತ್ತದೆ. ಜೀರ್ಣೋದ್ಧಾರಕ್ಕೆ ದೂರದ ದಾನಿಯಿಂದಲೂ ಹಣ ತರಬಹುದು. ರಾತ್ರಿ ಆಸ್ಪತ್ರೆಯಲ್ಲಿ ರೋಗಿಯ ಬಳಿ ಕೂರುವವನನ್ನು ತರಿಸಿಕೊಳ್ಳಲಾಗದು.

ಜೈನಶಾಸ್ತ್ರ ಇದನ್ನು ಮೊದಲೇ ಕಂಡಿದೆ. ಉಮಾಸ್ವಾಮಿಗಳು ವೈಯಾವೃತ್ಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸಿ, ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನನನ್ನು, ಎಂದರೆ ರೋಗಪೀಡಿತನನ್ನು ಸೇರಿಸಿದ್ದಾರೆ. ಅದು ಮುನಿಸಂಘಕ್ಕೆ ಹೇಳಿದ್ದು. ಗೃಹಸ್ಥನಿಗಾಗಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ನಾಲ್ಕನೆಯ ಶಿಕ್ಷಾವ್ರತವಾಗಿ ವಿಧಿಸಿದ್ದಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ವಾತ್ಸಲ್ಯವೂ ಒಂದು. ಸಹಧರ್ಮಿಯ ಮೇಲಿನ ಪ್ರೀತಿ ದೋಷವಲ್ಲ, ಅಂಗ. ಆದುದರಿಂದ ಒಡನಾಟವನ್ನು ಬಯಸಿ ಬಂದವನನ್ನು ಹೀಗಳೆಯಬೇಕಾಗಿಲ್ಲ. ಉಪಾಹಾರಕ್ಕೆಂದು ಬಂದವನು ರೋಗಿಯ ಸೇವೆಗೂ ನಿಂತಾನು.

ಏಕಾಂತದ ದಾನ ಶ್ರೇಷ್ಠವೇ ಹೌದು. ಆದರೆ ಅಲ್ಲಿ ಸಮಯವನ್ನೂ ಪ್ರಮಾಣವನ್ನೂ ದಾನಿಯೇ ಆರಿಸಿಕೊಳ್ಳುತ್ತಾನೆ. ಸಂಘದ ಸದಸ್ಯನಿಗೆ ಆ ಸ್ವಾತಂತ್ರ್ಯವಿಲ್ಲ; ಅವನ ಸಮಯವನ್ನು ಕಷ್ಟದಲ್ಲಿರುವವನು ನಿರ್ಣಯಿಸುತ್ತಾನೆ. ಅಂಗಡಿಯಲ್ಲಿ ಗಿರಾಕಿಗಳು ತುಂಬಿರುವ ಹೊತ್ತಿನಲ್ಲೇ ಕರೆ ಬರಬಹುದು. ಆಗ ಎದ್ದು ಹೋಗುವುದೇ ಅಪರಿಗ್ರಹದ ಅಭ್ಯಾಸ.

ಅಪಾಯಗಳೂ ಇಲ್ಲದಿಲ್ಲ. ಶಾಸ್ತ್ರೋಕ್ತವಾದ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳಿವೆ. ಸಂಘದ ಹೆಸರಿನಲ್ಲಿ ಅವು ಹೊಸ ವೇಷ ತೊಡುತ್ತವೆ. ವಾತ್ಸಲ್ಯವು ಸಹಧರ್ಮಿಗಳಲ್ಲಿ ಬೇರೂರಿದರೂ ಅನುಕಂಪೆಗೆ ಬೇಲಿಯಿಲ್ಲ. ಯೆಹೂದಿ ಶಾಸ್ತ್ರವೂ ಅನ್ಯಮತೀಯ ಬಡವರನ್ನು ತನ್ನ ಬಡವರೊಡನೆಯೇ ಪೋಷಿಸುವಂತೆ ವಿಧಿಸುತ್ತದೆ. 2018ರ ಡಿಸೆಂಬರ್‌ನಲ್ಲಿ ಹನೂರು ಭಾಗದ ಸುಳ್ವಾಡಿಯಲ್ಲಿ ದೇವಸ್ಥಾನದ ಪ್ರಸಾದಕ್ಕೆ ವಿಷ ಬೆರೆತು ಹಲವರು ಪ್ರಾಣ ಕಳೆದುಕೊಂಡರು; ಅಸ್ವಸ್ಥರಾದ ಅನೇಕರನ್ನು ಕೊಳ್ಳೇಗಾಲ, ಮೈಸೂರುಗಳ ಆಸ್ಪತ್ರೆಗಳಿಗೆ ಒಯ್ಯಲಾಯಿತು. ಅಂಥ ದಿನ ಸೇವಾಸಂಘವು ರೋಗಿಯ ಕುಲವನ್ನು ಕೇಳಿ ಹೊರಡುವಂತಿಲ್ಲ.

ಇನ್ನೊಂದು ಮಾತು. ಜೈನಸಂಘ ಚತುರ್ವಿಧವಾದುದು, ಶ್ರಾವಿಕೆಯರಿಲ್ಲದೆ ಅದು ಸಂಘವೇ ಅಲ್ಲ. ಅಮೆರಿಕದ ಕನ್ಸರ್ವೇಟಿವ್ ಪಂಥವು 1973ರಲ್ಲಿ ಹತ್ತರ ಎಣಿಕೆಯಲ್ಲಿ ಸ್ತ್ರೀಯರನ್ನೂ ಸೇರಿಸಲು ಅನುಮತಿ ನೀಡಿತು. ಪುರುಷರ ಸಂಘಗಳು ಸ್ತ್ರೀಯರನ್ನು ಅಡುಗೆಗೆ ಮಾತ್ರ ನೆನೆದು ನಿರ್ಣಯದ ಹೊತ್ತಿಗೆ ಮರೆಯುವುದು ಯೋಗ್ಯವಲ್ಲ.

ಬಸದಿಯ ಧರ್ಮದರ್ಶಿಗಳು ಸದಸ್ಯರ ಪಟ್ಟಿಯನ್ನು ವರ್ಷಕ್ಕೊಮ್ಮೆ ಪರಿಶೀಲಿಸುವಾಗ ಚಂದಾ ಬಾಕಿಯ ಜೊತೆಗೆ ಇನ್ನೊಂದು ಲೆಕ್ಕವನ್ನೂ ನೋಡಲಿ: ಕಳೆದ ವರ್ಷ ಯಾರ ಮನೆಯಲ್ಲಿ ಕಾಯಿಲೆ ಬಿದ್ದಿತು, ಯಾರ ಮನೆಯಲ್ಲಿ ಸಾವು ಸಂಭವಿಸಿತು, ಅಲ್ಲಿಗೆ ಎಷ್ಟು ಜನ ಹೋದರು? ಸಂಘದ ನಿಜವಾದ ಆಸ್ತಿ ಆ ಸಂಖ್ಯೆಯೇ.