ಅಂಪೈರಿಗೆ ಕೇಳಿಸದ ಸದ್ದು

ಕಳೆದ ತಿಂಗಳು ಪುಣೆಯ ನಮ್ಮ ಸೊಸೈಟಿಯ ಮಕ್ಕಳ ಪಂದ್ಯದಲ್ಲಿ ಚೆಂಡು ನನ್ನ ಮಗನ ಬ್ಯಾಟಿನ ಅಂಚು ಸವರಿ ಕೀಪರ್ ಕೈ ಸೇರಿತು. ಅಂಪೈರಾಗಿದ್ದ ಹುಡುಗ ಔಟ್ ಕೊಡಲಿಲ್ಲ. ಮಗ ನಿಂತ, ಆಡಿದ, ಗೆಲ್ಲಿಸಿದ. ರಾತ್ರಿ ಊಟಕ್ಕೆ ಕೂತಾಗ ಅವನೇ ಕೇಳಿದ: "ಅಪ್ಪಾ, ಬ್ಯಾಟಿಗೆ ತಾಗಿತ್ತು. ನಾನು ಹೇಳಬೇಕಿತ್ತಾ?"

"ಅಂಪೈರ್ ಕೊಟ್ಟಿಲ್ಲ ಅಂದಮೇಲೆ ಮುಗೀತು ಬಿಡು" ಎಂದುಬಿಟ್ಟೆ. ಆಮೇಲೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಆಟ ಮಕ್ಕಳಿಗೆ ಮೌಲ್ಯ ಕಲಿಸುತ್ತದೆ ಎನ್ನುತ್ತೇವೆ. ಫೀಸು ಕಟ್ಟಿ ಕೋಚಿಂಗಿಗೂ ಕಳಿಸುತ್ತೇವೆ. ಆದರೆ ಸದ್ಗುಣ ಮಾಡಿ ಮಾಡಿ ರೂಢಿಯಾಗುವಂಥದ್ದು ಎಂದವನು ಅರಿಸ್ಟಾಟಲ್. ಹಾಗಿದ್ದರೆ ಮೈದಾನದಲ್ಲಿ ಪ್ರಾಮಾಣಿಕತೆ ರೂಢಿಯಾಗುವಂತೆಯೇ ಜಾರಿಕೊಳ್ಳುವುದೂ ರೂಢಿಯಾಗುತ್ತದೆ. ಆಟ ಕೊಡುವುದು ಅಭ್ಯಾಸಕ್ಕೆ ಜಾಗ ಮಾತ್ರ. ಯಾವುದರ ಅಭ್ಯಾಸ ಎನ್ನುವುದು, ದೊಡ್ಡವರು ಯಾವುದಕ್ಕೆ ಚಪ್ಪಾಳೆ ತಟ್ಟುತ್ತೇವೆ ಎಂಬುದರ ಮೇಲಿದೆ.

1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್ ನೆನಪಾಯಿತು. ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್ ಭಾರತದ ನಾಯಕ. ಮೊದಲ ಇನಿಂಗ್ಸ್‌ನಲ್ಲಿ ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಆಮೇಲೆ ಬಂದ ಬಾಬ್ ಟೇಲರ್ ಕೀಪರ್ ಕ್ಯಾಚಿಗೆ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥ್‌ಗೆ ಖಾತ್ರಿಯಿತ್ತು. ಅಂಪೈರಿಗೆ ಹೇಳಿ ಟೇಲರರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ತಂಡದ ಗೆಲುವನ್ನು ದಾನ ಮಾಡಲು ನಾಯಕನಿಗೇನು ಹಕ್ಕು? ಈ ಆಕ್ಷೇಪ ಹಗುರವಾದದ್ದಲ್ಲ. ಹತ್ತು ಜನರ ಬೆವರೂ ಅದರಲ್ಲಿದೆ. ಆದರೆ ಬೀಳದ ವಿಕೆಟ್ ತಂಡದ ಸ್ವತ್ತೇ ಆಗಿರಲಿಲ್ಲ. ತಮ್ಮದಲ್ಲದ್ದನ್ನು ಹಿಂದಿರುಗಿಸುವುದು ದಾನ ಹೇಗಾದೀತು? ಅಂಪೈರ್ ತೀರ್ಪು ಜಗಳ ಮುಗಿಸುತ್ತದೆ, ನಡೆದದ್ದನ್ನು ಬದಲಿಸುವುದಿಲ್ಲ. ನಾನು ಮಗನಿಗೆ ಹೇಳಿದ್ದು ನಿಯಮ. ಅವನು ಕೇಳಿದ್ದು ಬೇರೆಯದನ್ನೇ.

ಮರುದಿನ ಈ ಕಥೆ ಹೇಳಿ, ನಿನ್ನೆ ನಾನು ಹೇಳಿದ್ದು ತಪ್ಪು ಎಂದೆ.

"ಆದರೆ ಅವರು ಸೋತರಲ್ಲ?"

"ಹೌದು, ಸೋತರು."

ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಕ್ಲೈಂಟಿಗೆ ಗೊತ್ತಾಗದ ಬಗ್ ಇದ್ರೆ ನೀನು ಹೇಳ್ತೀಯಾ?"

ಆ ವಾರದ ರಿಲೀಸ್ ನೋಟ್‌ನಲ್ಲಿ ನಾನು ಬೇಕೆಂದೇ ಬಿಟ್ಟಿದ್ದ ಒಂದು ಸಾಲು ಕಣ್ಣಮುಂದೆ ಬಂತು. ರಾತ್ರಿ ಲ್ಯಾಪ್‌ಟಾಪ್ ತೆರೆದು ಸೇರಿಸಿದೆ. ಬೆಳಗ್ಗೆ ಕಾಲ್‌ನಲ್ಲಿ ಚೆನ್ನಾಗಿ ಬೈಸಿಕೊಂಡೆ. ಅದನ್ನೂ ಮಗನಿಗೆ ಹೇಳಿದ್ದೇನೆ. ಬೆಲೆ ಎಷ್ಟೆಂದು ಮುಚ್ಚಿಟ್ಟರೆ ಅದೂ ಸುಳ್ಳೇ ತಾನೆ?