ಹೊಗೆಯ ಹಿಂದೆ ಇದ್ದವರು

ನನ್ನ ಹಾಸ್ಟೆಲ್ ಕೋಣೆಯ ಗೋಡೆಯ ಮೇಲೆ ಒಂದು ಯುದ್ಧವಿದೆ. ಓಗಸ್ಟ್ ಜುಜೆಲೆ ಎಂಬ ಫ್ರೆಂಚ್ ಕಲಾವಿದ 1836ರಲ್ಲಿ ಬರೆದ ಕಡಲೂರಿನ ನೌಕಾಯುದ್ಧದ ಚಿತ್ರ. ಮೂಲಚಿತ್ರಗಳನ್ನು ಕೊಳ್ಳುವುದು ಫೆಲೋಶಿಪ್ಪಿನ ಹಣದಲ್ಲಿ ಆಗುವ ಮಾತಲ್ಲ. ಇದು ಪ್ರಿಂಟ್ ತೆಗೆಸಿ ಫ್ರೇಮು ಹಾಕಿಸಿದ್ದು. ಇಂಥ ಕಡಲ ಕದನಗಳ ಪ್ರತಿಗಳು ನನ್ನ ಬಳಿ ಮೂವತ್ತಕ್ಕೂ ಹೆಚ್ಚಿವೆ. ಸಂಶೋಧನೆಗೆಂದು ಶುರುವಾದದ್ದು ಯಾವಾಗ ಚಟವಾಯಿತೋ ತಿಳಿಯದು.

ಒಂದು ರಾತ್ರಿ ರೂಮ್‌ಮೇಟ್ ಚಿತ್ರವನ್ನೇ ನೋಡುತ್ತಾ ಕೇಳಿದಳು: "ಅಲ್ಲ ಕಣೇ, ಇದ್ರಲ್ಲಿ ಸಾಯ್ತಿರೋರು ಎಲ್ಲಿದಾರೆ?"

ನಾನು ಯಾವತ್ತೂ ಹುಡುಕಿರಲಿಲ್ಲ. ಹಾಯಿಗಳ ಮೇಲಿನ ಬೆಳಕು, ಫಿರಂಗಿಯ ಹೊಗೆ, ಅಲೆ ಇಷ್ಟನ್ನೇ ನೋಡಿದ್ದೆ.

ಆ ಯುದ್ಧ ನಡೆದದ್ದು 1783ರ ಜೂನ್ 20ರಂದು. ಮೈಸೂರಿನ ಮಿತ್ರರಾಗಿದ್ದ ಫ್ರೆಂಚರು ಕಡಲೂರಿನಲ್ಲಿದ್ದರು. ಇಂಗ್ಲಿಷರು ಊರಿಗೆ ಮುತ್ತಿಗೆ ಹಾಕಿದ್ದರು. ಕಡಲಲ್ಲಿ ಸಫ್ರೆನ್‌ನ ಹಡಗುಗಳೂ ಎಡ್ವರ್ಡ್ ಹ್ಯೂಸ್‌ನ ಹಡಗುಗಳೂ ಕಾದಾಡಿದವು. ಒಂದು ಹಡಗೂ ಮುಳುಗಲಿಲ್ಲ. ಎರಡೂ ಕಡೆ ಸೇರಿ ಸುಮಾರು ಇನ್ನೂರು ಜನ ಸತ್ತರು. ಆದರೆ ಯುರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಶಾಂತಿಯ ಪ್ರಾಥಮಿಕ ಒಪ್ಪಂದಕ್ಕೆ ಸಹಿ ಹಾಕಿ ಅಷ್ಟರಲ್ಲಾಗಲೇ ಐದು ತಿಂಗಳಾಗಿತ್ತು, ಜನವರಿ 20ಕ್ಕೆ. ಸುದ್ದಿ ಇನ್ನೂ ಹಡಗಿನಲ್ಲಿ ಬರುತ್ತಿತ್ತು. ಅದು ಮುಟ್ಟಿದ ಮೇಲೆ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು, ಟಿಪ್ಪು ಒಂಟಿಯಾದ. ಮುಂದಿನ ವರ್ಷದ ಮಂಗಳೂರು ಒಪ್ಪಂದವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಈ ಇನ್ನೂರು ಜನರ ಸುದ್ದಿ ಅಲ್ಲಿರಲಿಲ್ಲ.

ಮುಗಿದ ಜಗಳಕ್ಕೆ ಸತ್ತವರನ್ನು ಚೆಂದದ ಚಿತ್ರವಾಗಿ ತೂಗುಹಾಕಿಕೊಳ್ಳುವುದು ಸರಿಯೇ?

ಕಲಾವಿದರು ಇದನ್ನು ಎದುರಿಸಿದ ಬಗೆ ಒಂದೊಂದು ಥರ. ಡಚ್ಚರ ವಿಲ್ಲೆಮ್ ವಾನ್ ಡ ವೆಲ್ಡ 1666ರ ನಾಲ್ಕು ದಿನಗಳ ಕದನದ ನಡುವೆ ಪುಟ್ಟ ಹಡಗಿನಲ್ಲಿ ಕೂತು ಗೆರೆ ಎಳೆಯುತ್ತಿದ್ದ. ಕೆಲವೇ ವರ್ಷಗಳಲ್ಲಿ, ಎರಡು ದೇಶಗಳ ನಡುವೆ ಮತ್ತೆ ಯುದ್ಧ ನಡೆಯುತ್ತಿರುವಾಗಲೇ, ಮಗನ ಜೊತೆ ಶತ್ರುದೇಶ ಇಂಗ್ಲೆಂಡಿಗೆ ಹೋಗಿ ನೆಲೆಸಿದ. 1674ರಲ್ಲಿ ಅಲ್ಲಿನ ದೊರೆ ವರ್ಷಕ್ಕೆ ತಲಾ 100 ಪೌಂಡ್ ಗೊತ್ತುಮಾಡಿದ: ಅಪ್ಪನಿಗೆ ಕದನಗಳ ಗೆರೆಚಿತ್ರಕ್ಕೆ, ಮಗನಿಗೆ ಅವಕ್ಕೆ ಬಣ್ಣ ಹಾಕಿದ್ದಕ್ಕೆ. ಯಾರು ಗೆದ್ದರೂ ಚಿತ್ರ ಮಾರಾಟವಾಗುತ್ತಿತ್ತು ಅನ್ನಿ.

ಟರ್ನರ್ ಹಾಗಲ್ಲ. ನಾಲ್ಕನೆಯ ಜಾರ್ಜ್ ದೊರೆಗಾಗಿ ಬರೆದ ಟ್ರಫಾಲ್ಗರ್ ಕದನದಲ್ಲಿ ನೀರಲ್ಲಿ ಒದ್ದಾಡುವ ನಾವಿಕರನ್ನು ಚಿತ್ರದ ಮುಂಭಾಗಕ್ಕೇ ತಂದುಬಿಟ್ಟ. ನೌಕಾಪಡೆಯವರು ಹಡಗಿನ ವಿವರಗಳಲ್ಲಿ ತಪ್ಪು ಹುಡುಕಿದರು. ದೊರೆ 1829ರಲ್ಲಿ ಅದನ್ನು ಗ್ರೀನಿಚ್‌ಗೆ ದಾಟಿಸಿದ. ಕಾರಣ ಏನೇ ಇರಲಿ, ಅರಮನೆಯಲ್ಲಿ ಆ ಚಿತ್ರದ ಜೊತೆ ಊಟ ಮಾಡುವುದು ಸುಲಭವಿದ್ದಿರಲಾರದು.

ಕದನದ್ದಲ್ಲದಿದ್ದರೂ ಇಲ್ಲಿ ನೆನಪಾಗುವುದು ಟರ್ನರನ ಗುಲಾಮರ ಹಡಗಿನ ಚಿತ್ರ. 1844ರಲ್ಲಿ ರಸ್ಕಿನ್‌ಗೆ ಅದನ್ನು ಅಪ್ಪ ಉಡುಗೊರೆ ಕೊಟ್ಟಿದ್ದ. ಅದರ ಕಡಲನ್ನು ರಸ್ಕಿನ್ ಮನಸಾರೆ ಹೊಗಳಿದ. ಕೊನೆಗೆ ನೋಡಲಾಗದೆ ಮಾರಿದ. ಮೊದಲು ಓದಿದಾಗ ಇದು ದೊಡ್ಡ ಮನಸ್ಸಿನ ಕೆಲಸವೆನಿಸಿತ್ತು. ಈಗ ಅಷ್ಟು ಖಾತ್ರಿಯಿಲ್ಲ. ಮಾರಿದ್ದರಿಂದ ನೀರಿಗೆ ಎಸೆಯಲ್ಪಟ್ಟವರಿಗೇನಾಯಿತು? ನೋವು ಇನ್ನೊಬ್ಬರ ಗೋಡೆಗೆ ಹೋಯಿತು, ಅಷ್ಟೆ.

ಹಾಗಾಗಿ ನಾನು ನನ್ನ ಚಿತ್ರವನ್ನು ಇಳಿಸಿಲ್ಲ. ಬೆಳಕು ಚೆನ್ನಾಗಿದೆ ಅನ್ನಿಸುವುದನ್ನು ತಪ್ಪೆಂದು ಒಪ್ಪಲೂ ಆಗುತ್ತಿಲ್ಲ. ನನ್ನನ್ನು ಕಾಡುವುದು ಬೇರೆ: ಇಷ್ಟು ವರ್ಷ ಆ ಹೊಗೆಯನ್ನು ಬರೀ ಬಣ್ಣವೆಂದುಕೊಂಡಿದ್ದೆ. ಅದು ಏನನ್ನೋ ಮುಚ್ಚಿತ್ತು, ಮುಚ್ಚಿದ್ದು ನನಗೆ ಅನುಕೂಲವೂ ಆಗಿತ್ತು.

ಮೊನ್ನೆ ಫ್ರೇಮಿನ ಕೆಳಗೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿ ಎರಡೇ ತಾರೀಖು: ಜನವರಿ 20, ಜೂನ್ 20. ರೂಮ್‌ಮೇಟ್ ಓದಿ, "ಯಾರದ್ದೇ ಬರ್ತ್‌ಡೇ?" ಅಂದಳು. ಕೂರಿಸಿ ಹೇಳಿದೆ. ಕೇಳಿ ಸುಮ್ಮನಾದಳು. ಆಮೇಲೆ ಎದ್ದು ಹೋಗಿ, ಚಿತ್ರದ ಹತ್ತಿರ ಮುಖ ತಂದು ಹುಡುಕತೊಡಗಿದಳು.